ಇನ್‌ಬಾಕ್ಸ್ ನೋಡಿ ಅಂದಿರಲ್ಲ, ನೀಲಕ್ಕ

ಅಷ್ಟಕ್ಕೂ ನಾನು ಸಿಟ್ಟು ಮಾಡಿಕೊಂಡು ಎದ್ದು ಹೋಗುವವಳಲ್ಲ ನೀಲಕ್ಕ. ಹೋಗುವ ಹಾಗಿದ್ದರೆ ನೀವು ಮೊದಲ ಸಲ ‘ಇನ್‌ಬಾಕ್ಸ್ ನೋಡಿ’ ಅಂದಾಗಲೇ ಹೋಗುತ್ತಿದ್ದೆ. ಆವತ್ತು ಸುಮ್ಮನಾದೆ. ಎರಡನೇ ಸಲ ಅಂದಾಗಲೂ ಹಲ್ಲು ಕಚ್ಚಿ ಕೂತೆ. ಆದರೆ ನಿಮ್ಮ ಪುಟಕ್ಕೆ ಬರುತ್ತಿದ್ದ ಆ ಸಿಂದಗಿ ಹುಡುಗಿಗೂ ಅದನ್ನೇ ಅಂದಿರಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ಈ ಪತ್ರ.

ತಡೆಯಿರಿ, ತಾರೀಕು ಬರೆಯಬೇಕು, ಇಲ್ಲದಿದ್ದರೆ ಅಂಚೆಯವರು ತೆಗೆದುಕೊಳ್ಳುವುದಿಲ್ಲ. ಗದಗ, ಗಾಳಿ ತಿಂಗಳ ನಲವತ್ತೊಂದನೇ ದಿನ, ಇಸವಿ ೨೧೯೪. ನಲವತ್ತೊಂದನೇ ದಿನವೇ ಎಂದು ನಗಬೇಡಿ. ನಮ್ಮಲ್ಲಿ ಗಾಳಿ ನಿಲ್ಲುವವರೆಗೂ ಗಾಳಿ ತಿಂಗಳು ಮುಗಿಯುವುದಿಲ್ಲ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ಯಾವತ್ತು ತಿರುಗುವುದನ್ನು ಬಿಡುತ್ತವೋ ಅದರ ಮರುದಿನವೇ ಮುಂದಿನ ತಿಂಗಳ ಒಂದನೇ ತಾರೀಕು. ಒಮ್ಮೊಮ್ಮೆ ಬೇಗ ಮುಗಿಯುತ್ತದೆ, ಒಮ್ಮೊಮ್ಮೆ ಎಳೆಯುತ್ತದೆ. ಈ ಸಲ ಎಳೆಯುತ್ತಿದೆ, ದೇವರ ದಯೆ, ಇನ್ನೂ ನಾಲ್ಕು ದಿನ ಎಳೆಯಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತೆ, ಆದರೆ ನಿಮ್ಮ ಕಾಲದ ಜನ ಹೇಗೆ ಮಾತಾಡುತ್ತಿದ್ದರು ಎನ್ನುವುದನ್ನು ಕಲಿತದ್ದು ನಿಮ್ಮ ಕಾಮೆಂಟುಗಳ ಸಾಲಿನಿಂದ. ಹಾಗಾಗಿ ಯಾವ ಮಾತನ್ನು ಯಾರ ಮುಂದೆ ಆಡಬೇಕು ಅನ್ನುವುದು ನನಗೆ ಪೂರ್ತಿ ಹಿಡಿತಕ್ಕೆ ಸಿಕ್ಕಿಲ್ಲ. ಹೋದ ವರ್ಷ ನಮ್ಮ ಮೇಷ್ಟ್ರು ಒಂದು ಒಳ್ಳೆಯ ಪಾಠ ಮಾಡಿದರು ಅಂತ ‘ಬೆಂಕಿ ಗುರೂ’ ಅಂದುಬಿಟ್ಟೆ. ಇಡೀ ತರಗತಿ ಎದ್ದು ಬಾಗಿಲ ಕಡೆ ಓಡಿತು. ನಮ್ಮಲ್ಲಿ ಬೆಂಕಿ ಎಂದರೆ ಬೆಂಕಿಯೇ.

ನನ್ನ ಹೆಸರು ಹಂಪವ್ವ. ಹದಿನೇಳು ವರ್ಷ. ಅಜ್ಜಿಯ ಹೆಸರಲ್ಲ, ಈಗ ಇದೇ ಹೊಸ ಫ್ಯಾಷನ್ನು, ನಮ್ಮ ತರಗತಿಯಲ್ಲಿ ಇನ್ನೂ ಇಬ್ಬರು ಹಂಪವ್ವಂದಿರಿದ್ದಾರೆ. ನಾನು ನಿಮ್ಮ ಅಭಿಮಾನಿ. ನೀವು ನೀಲಾಂಬಿಕಾ ಕವಲೂರ, ಮುಂಡರಗಿಯವರು, ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ ಎರಡನೇ ವರ್ಷ ಓದುತ್ತಿದ್ದೀರಿ, ನಿಮ್ಮ ಪುಟದ ಹೆಸರು ‘ಹಾಸ್ಟೆಲ್ ತಾಟು’. ನೋಡಿ, ಹೆದರಬೇಡಿ, ಇದೆಲ್ಲ ನೀವೇ ಬರೆದುಕೊಂಡದ್ದು. ನಿಮ್ಮ ಪುಟದ ಒಂದೊಂದು ಚಿತ್ರವನ್ನೂ ನಾನು ನೋಡಿದ್ದೇನೆ. ನಿಮ್ಮ ಸ್ಟೀಲ್ ತಾಟಿನ ಅಂಚಿನಲ್ಲಿ ಒಂದು ಕಡೆ ಸಣ್ಣ ತಗ್ಗು ಇದೆ, ಅದು ಯಾವ ಚಿತ್ರದಲ್ಲಿ ಯಾವ ಕಡೆ ತಿರುಗಿದೆ ಅಂತಲೂ ಹೇಳಬಲ್ಲೆ.

ಈ ಪತ್ರ ನಿಮಗೆ ತಲುಪುವುದು ತಿರುವಂಚೆಯಲ್ಲಿ. ಗಾಳಿ ಜೋರಾಗಿ ಬೀಸುವ ದಿನಗಳಲ್ಲಿ ರೆಕ್ಕೆಗಳಿಂದ ಊರಿಗೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಬರುತ್ತದೆ. ಆ ಮಿಕ್ಕಿದ್ದರಲ್ಲಿ ಕಾಲೇಜಿನವರು ಒಂದೊಂದು ಪತ್ರವನ್ನು ಹಿಂದಿನ ಕಾಲಕ್ಕೆ ಕಳಿಸುತ್ತಾರೆ. ಒಬ್ಬ ವಿದ್ಯಾರ್ಥಿಗೆ ಓದು ಮುಗಿಯುವುದರೊಳಗೆ ಒಂದೇ ಪತ್ರ. ಹೆಚ್ಚಿನವರು ಮುತ್ತಜ್ಜಿಗೆ ಬರೆದು ಮಾವಿನಕಾಯಿ ಉಪ್ಪಿನಕಾಯಿಗೆ ಏನೇನು ಹಾಕುತ್ತಿದ್ದಿರಿ ಅಂತ ಕೇಳುತ್ತಾರೆ. ನಾನು ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ, ಅದಕ್ಕೆ ಅವ್ವ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇದು ನಿಮ್ಮ ಫೋನಿನಲ್ಲಿ, ಗುರುತಿಲ್ಲದವರ ಸಂದೇಶಗಳು ಹೋಗಿ ಬೀಳುವ ಆ ಮೂಲೆಯಲ್ಲಿ ಬಿದ್ದಿರುತ್ತದೆ. ಗೊತ್ತು, ನಾನೂ ಕೊನೆಗೆ ಇನ್‌ಬಾಕ್ಸ್‌ಗೇ ಬಂದೆ. ಬೇರೆ ಬಾಗಿಲು ಇದ್ದಿದ್ದರೆ ಅದನ್ನೇ ಬಡಿಯುತ್ತಿದ್ದೆ.

ನಿಮಗೆ ಫಾಲೋವರ್ಸ್ ಇರುವ ಹಾಗೆ ನಮಗೆ ಕೂತವರು ಇರುತ್ತಾರೆ. ನಮ್ಮಲ್ಲಿ ಪುಟ ಎನ್ನುವುದಿಲ್ಲ, ಜಗಲಿ ಎನ್ನುತ್ತೇವೆ. ಗಾಳಿ ತಿಂಗಳಲ್ಲಿ ಹೊರಗೆ ನಿಂತು ಮಾತಾಡಿದರೆ ಮಾತು ಕಿವಿಗೆ ಮುಟ್ಟುವುದಿಲ್ಲ, ಬಾಯಿ ತೆರೆದರೆ ಮಣ್ಣು. ಓಣಿಯ ಉದ್ದಕ್ಕೂ ಹಗ್ಗ ಕಟ್ಟಿರುತ್ತಾರೆ, ಅದನ್ನು ಹಿಡಿದುಕೊಂಡೇ ನಡೆಯಬೇಕು. ಬಟ್ಟೆ ಒಣಗಿಸುವುದೂ ಒಳಗೇ, ರೊಟ್ಟಿ ಬಡಿಯುವುದೂ ಒಳಗೇ. ಹಾಗಾಗಿ ಊರಿನ ಮಾತೆಲ್ಲ ಆ ದಿನಗಳಲ್ಲಿ ಜಗಲಿಗಳ ಮೇಲೆ ನಡೆಯುತ್ತದೆ, ಅಂದರೆ ಪ್ರತಿ ಮನೆಯ ಗೋಡೆಯಲ್ಲಿ ಇರುವ ಒಂದು ಚೌಕದಲ್ಲಿ. ಒಬ್ಬರು ಜಗಲಿ ಇಡುತ್ತಾರೆ, ಮನಸ್ಸಿದ್ದವರು ಬಂದು ಕೂರುತ್ತಾರೆ, ಮುಖ ಕಾಣುತ್ತದೆ, ದನಿ ಕೇಳುತ್ತದೆ. ನಿಮಗೂ ನಮಗೂ ಇರುವ ವ್ಯತ್ಯಾಸ ಇಷ್ಟೇ: ನಿಮ್ಮಲ್ಲಿ ಎಷ್ಟು ಜನ ಎನ್ನುವ ಸಂಖ್ಯೆ ಹೆಸರಿನ ಪಕ್ಕದಲ್ಲೇ ಇರುತ್ತದೆ, ನಮ್ಮಲ್ಲಿ ಸಂಖ್ಯೆ ಎಲ್ಲಿಯೂ ಇಲ್ಲ. ತಿಂಗಳ ಕೊನೆಯಲ್ಲಿ ಜಗಲಿ ನೋಡಿಕೊಳ್ಳುವವರು ಮನೆಗೆ ಬರುತ್ತಾರೆ. ಆಗ ಜಗಲಿ ಇಟ್ಟವರು ಕೂತವರ ಹೆಸರು ಒಂದೊಂದಾಗಿ ಹೇಳಿ, ಅವರು ಆಡಿದ ಒಂದು ಮಾತನ್ನೂ ಹೇಳಬೇಕು. ನಿಮ್ಮ ಕಡೆ ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳುತ್ತಿದ್ದರಂತಲ್ಲ, ಹೆಚ್ಚುಕಡಿಮೆ ಹಾಗೆ. ಇಪ್ಪತ್ತು ಹೆಸರಾದರೂ ಬರಬೇಕು. ಬರದಿದ್ದರೆ ಜಗಲಿ ಸಾಲಿನಲ್ಲಿ ನಿಂತಿರುವ ಮುಂದಿನ ವಿದ್ಯಾರ್ಥಿಗೆ ಹೋಗುತ್ತದೆ.

ಇನ್ನೆರಡು ಕಟ್ಟಳೆ ಇವೆ. ಜಗಲಿಯಲ್ಲಿ ಪಿಸುಮಾತು ಇಲ್ಲ, ಹೇಳುವುದಿದ್ದರೆ ಎಲ್ಲರಿಗೂ ಕೇಳುವಂತೆ ಹೇಳಬೇಕು. ಮತ್ತು ಯಾರೂ ಸದ್ದಿಲ್ಲದೆ ಎದ್ದು ಹೋಗುವಂತಿಲ್ಲ. ನಿಮ್ಮಲ್ಲಿ ಬೆರಳು ತಾಗಿಸಿದರೆ ಮುಗಿಯಿತು, ಹೋದವರು ಯಾರೆಂದೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಎಲ್ಲರ ಮುಂದೆ ‘ನಾ ಬರ್ತೀನಿ’ ಅನ್ನಬೇಕು, ಜಗಲಿ ಇಟ್ಟವರು ‘ಹೂಂ, ಬರ್ರಿ’ ಅನ್ನಬೇಕು. ಒಂದೇ ಬೆಳಿಗ್ಗೆ ಐದಾರು ಜನಕ್ಕೆ ‘ಹೂಂ, ಬರ್ರಿ’ ಅಂದು ನೋಡಿ ನೀಲಕ್ಕ, ಆಗ ತಿಳಿಯುತ್ತದೆ.

ನನ್ನ ಜಗಲಿಯ ಮೇಲೆ ಇರುವುದು ನಿಮ್ಮ ತಾಟು. ನಿಮ್ಮ ಕಾಲದ ಪುಟಗಳಲ್ಲಿ ಉಳಿದದ್ದನ್ನೆಲ್ಲ ನಾವು ಕಣಜದಲ್ಲಿ ಇಟ್ಟಿದ್ದೇವೆ, ಆದರೆ ಕಣಜದಲ್ಲಿ ಜಾಗ ಸಾಲುವುದಿಲ್ಲ. ಗಾಳಿ ತಿಂಗಳು ಮುಗಿದ ದಿನ, ಆ ತಿಂಗಳು ಯಾವ ಜಗಲಿಯ ಮೇಲೂ ಇಲ್ಲದ್ದನ್ನು ತೂರಿಬಿಡುತ್ತಾರೆ. ತೂರಿದರೆ ಹೋಯಿತು, ಮತ್ತೆ ಸಿಗುವುದಿಲ್ಲ. ನಿಮ್ಮ ಪುಟವನ್ನು ಇಡೀ ಊರಿನಲ್ಲಿ ಇಟ್ಟುಕೊಂಡಿರುವವಳು ನಾನೊಬ್ಬಳೇ. ನನ್ನ ಜಗಲಿ ಹೋದರೆ ನಿಮ್ಮ ಉಪ್ಪಿಟ್ಟು, ನಿಮ್ಮ ನೀರು ಸಾರು, ನಿಮ್ಮ ತಾಟಿನ ತಗ್ಗು, ಅದರ ಕೆಳಗೆ ಕಾಮೆಂಟು ಬರೆಯುತ್ತಿದ್ದ ಇಮಾಮಣ್ಣ, ಸಿಂದಗಿ ಹುಡುಗಿ ಎಲ್ಲ ಹೋದಂತೆ. ಈಗ ತಿಳಿಯಿತಲ್ಲ, ಗಾಳಿ ನಿಲ್ಲಬಾರದು ಅಂತ ನಾನು ಯಾಕೆ ಬೇಡಿಕೊಳ್ಳುತ್ತಿದ್ದೇನೆ ಅಂತ.

ಮೊದಲು ಎಷ್ಟು ಚೆನ್ನಾಗಿತ್ತು. ನೀವು ದಿನಾ ಬೆಳಿಗ್ಗೆ ಮೆಸ್ಸಿನ ತಾಟಿನ ಒಂದು ಚಿತ್ರ ಹಾಕಿ, ಕೆಳಗೆ ‘ಇದು ಏನು, ಹೇಳಿ ನೋಡೋಣ’ ಅಂತ ಬರೆಯುತ್ತಿದ್ದಿರಿ. ಅಷ್ಟೇ. ಮುಖ ಇಲ್ಲ, ಹಾಡು ಇಲ್ಲ. ನಮ್ಮದು ಓಣಿಯೂಟ, ಓಣಿಗೆಲ್ಲ ಒಂದೇ ಒಲೆ, ಅಲ್ಲಿ ಬೇಯಿಸಿದ್ದನ್ನೇ ಎಲ್ಲರೂ ಉಣ್ಣಬೇಕು. ಹಾಗಾಗಿ ಬೇರೆಯವರು ಬೇಯಿಸಿ ಹಾಕಿದ್ದನ್ನು ಅನುಮಾನದಿಂದ ನೋಡುವುದು ಎಂದರೇನು ಅಂತ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಲಿಲ್ಲ. ಮೊದಲ ದಿನವೇ ಕೂತವರು ಬಿದ್ದು ಬಿದ್ದು ನಕ್ಕರು. ನಿಮ್ಮ ಕಾಮೆಂಟುಗಳನ್ನು ನಾನು ಗಟ್ಟಿಯಾಗಿ ಓದಬೇಕು, ಅದೂ ನಮ್ಮ ಕಟ್ಟಳೆಯೇ, ಚಿತ್ರ ತೋರಿಸಿದರೆ ಅದರ ಕೆಳಗೆ ಬರೆದದ್ದನ್ನೆಲ್ಲ ಬಿಡದೆ ಓದಬೇಕು. ಕೊಪ್ಪಳದ ಇಮಾಮ್ ಅಂತ ಒಬ್ಬರು ಇದ್ದರಲ್ಲ, ಚಿತ್ರ ಯಾವುದೇ ಇರಲಿ, ಚಪಾತಿಯೇ ಇರಲಿ, ‘ಅವಲಕ್ಕಿ’ ಅಂತಲೇ ಬರೆಯುತ್ತಿದ್ದವರು. ಒಂದು ದಿನ ನಿಜವಾಗಿ ಅವಲಕ್ಕಿ ಮಾಡಿದ್ದರು, ಆವತ್ತೇ ಆ ಮನುಷ್ಯ ಬರಲಿಲ್ಲ. ಎಲ್ಲರೂ ಚಿತ್ರ ಬಿಟ್ಟು ಇಮಾಮಣ್ಣನನ್ನು ಹುಡುಕಲು ಶುರು ಮಾಡಿದರು. ಮರುದಿನ ಅವರು ಬಂದು, ನನಗೆ ಪರೀಕ್ಷೆ ಇದ್ದ ದಿನ ನೋಡಿಕೊಂಡೇ ಅವಲಕ್ಕಿ ಮಾಡಿದ್ದಾರೆ, ಇದರಲ್ಲಿ ಮೆಸ್ಸಿನವರ ಕೈವಾಡ ಇದೆ ಅಂತ ಜಗಳ ತೆಗೆದರು. ನಮ್ಮ ಓಣಿಯಲ್ಲಿ ಈಗಲೂ ಯಾರಾದರೂ ತಡವಾಗಿ ಬಂದರೆ ‘ಅವಲಕ್ಕಿ ಮುಗಿದು ಹೋಯಿತು’ ಅನ್ನುತ್ತಾರೆ. ನೀವೇ ಹೇಳಿ, ಇದಕ್ಕಿಂತ ದೊಡ್ಡ ಫಾಲೋವಿಂಗ್ ಯಾರಿಗೆ ಬೇಕು?

ಆಮೇಲೆ ಸಿಂದಗಿ ಹುಡುಗಿ. ಅವಳು ತನ್ನ ಹೆಸರನ್ನು ಯಾವತ್ತೂ ಹೇಳಲಿಲ್ಲ, ಪುಟದಲ್ಲಿ ಅವಳ ಹೆಸರು ಇದ್ದದ್ದೇ ಹಾಗೆ. ಒಂದು ಬೆಳಿಗ್ಗೆ ಎಲ್ಲರೂ ಇಡ್ಲಿಯೋ ಕಲ್ಲೋ ಅಂತ ಜೋಕು ಮಾಡುತ್ತಿದ್ದಾಗ ಅವಳು ನಡುವೆ ಒಂದು ಸಾಲು ಹಾಕಿದಳು. ನಾನೂ ಹಾಸ್ಟೆಲ್‌ನಲ್ಲೇ ಇದ್ದೇನೆ, ತಾಟಿನ ಮುಂದೆ ಕೂತರೆ ಕೈ ಏಳುವುದಿಲ್ಲ, ಮನೆಯವರಿಗೆ ಹೇಳಿಲ್ಲ ಅಂತ. ನೀವು ಅದಕ್ಕೆ ಎಲ್ಲರ ಮುಂದೆ ಉತ್ತರ ಬರೆದಿರಿ. ಆ ಉತ್ತರ ನನಗೆ ಬಾಯಿಪಾಠ, ನಮ್ಮ ಕೂತವರಿಗೂ ಬಾಯಿಪಾಠ: “ನಾಳೆ ನಿನ್ನ ತಾಟಿನ ಫೋಟೋ ಇಲ್ಲೇ ಹಾಕು. ನೀ ಒಂದ್ ತುತ್ತು, ನಾ ಒಂದ್ ತುತ್ತು. ನೋಡೂಣು ಯಾರ್ದು ಮೊದಲ ಮುಗೀತದ.” ಅವಳು ಮರುದಿನ ಹಾಕಿದಳು. ಅನ್ನ, ಬೇಳೆ, ಒಂದು ಹಸಿಮೆಣಸಿನಕಾಯಿ. ಆಮೇಲೆ ಖಾಲಿ ತಾಟು ಹಾಕಿದಳು. ಅದರ ಕೆಳಗೆ ಇಮಾಮಣ್ಣ ‘ಅವಲಕ್ಕಿ ಖಾಲಿ’ ಅಂತ ಬರೆದರು. ಆಮೇಲೆ ಎಲ್ಲೆಲ್ಲಿಯವರೋ ತಮ್ಮ ತಮ್ಮ ತಾಟು ಹಾಕತೊಡಗಿದರು. ಬಸ್ ಸ್ಟ್ಯಾಂಡಿನಲ್ಲಿ ಪೇಪರಿನ ಮೇಲೆ ಉಣ್ಣುತ್ತಿದ್ದವರೂ ಹಾಕಿದರು. ಅದನ್ನು ಓದಿದ ದಿನ ನಮ್ಮ ಪಕ್ಕದ ಮನೆಯ ತೋಟವ್ವಾಯಿ, ಅವಳಿಗೆ ತೊಂಬತ್ತು ದಾಟಿದೆ, ಗಂಡ ಸತ್ತ ಮೇಲೆ ಅವಳು ಓಣಿಯೂಟಕ್ಕೆ ಬರುವುದನ್ನೇ ಬಿಟ್ಟಿದ್ದಳು, ಮನೆಗೇ ತರಿಸಿಕೊಂಡು ಅರ್ಧ ಚೆಲ್ಲುತ್ತಿದ್ದಳು, ಆವತ್ತು ಹಗ್ಗ ಹಿಡಿದುಕೊಂಡು ಬಂದು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತಳು.   ಹಪ್ಪಳ ಮೆತ್ತಗಾಗಿದೆ ಅಂತ ಬಡಿಸುವವರಿಗೆ ಬೈದಳು, ಅಷ್ಟೇ.

ಆಮೇಲೆ ನಿಮಗೆ ಏನಾಯಿತು ನೀಲಕ್ಕ? ನಿಮ್ಮ ತರಗತಿಯ ಯಾರೋ ನಕ್ಕರಂತೆ, ನಾಲ್ಕು ನೂರು ಮಂದಿಗೆ ಉಪ್ಪಿಟ್ಟು ತೋರಿಸುವುದೂ ಒಂದು ಸಾಧನೆಯೇ ಅಂತ. ಅದನ್ನು ನೀವೇ ಒಂದು ವಿಡಿಯೋದಲ್ಲಿ ಹೇಳಿದಿರಿ, ನಗುತ್ತಲೇ ಹೇಳಿದಿರಿ, ಆದರೆ ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ, ಅದು ನಗುವಲ್ಲ. ಆಮೇಲೆ ಫಾಲೋವರ್ಸ್ ಹೆಚ್ಚಿಸುವ ಎರಡು ದಿನದ ಯಾವುದೋ ತರಬೇತಿಗೆ ಹೋಗಿ ಬಂದಿರಿ. ಬಂದ ಮೇಲೆ ತಾಟು ಮಾಯ. ನಿಮ್ಮ ಮುಖ ಬಂತು, ಕಣ್ಣಿನೊಳಗೆ ದುಂಡಗೆ ದೀಪ ಹೊಳೆಯಿತು, ಮೊದಲ ಮಾತೇ ‘ನಿಲ್ಲಿ, ಸ್ಕ್ರಾಲ್ ಮಾಡಬೇಡಿ’. ಸಂಜೆ ಏಳಕ್ಕೇ ಹಾಕಬೇಕು, ಮೊದಲ ಮೂರು ಸೆಕೆಂಡಿನಲ್ಲೇ ಹಿಡಿಯಬೇಕು, ಕೊನೆಯಲ್ಲಿ ಪ್ರಶ್ನೆ ಕೇಳಬೇಕು ಅಂತ ಬೇರೆ ವಿದ್ಯಾರ್ಥಿಗಳಿಗೆ ಪಾಠ ಶುರು ಮಾಡಿದಿರಿ. ನನಗೆ ನಿಮ್ಮ ಮೇಲೆ ಎಷ್ಟು ನಂಬಿಕೆ ಎಂದರೆ ಅದನ್ನೂ ಬರೆದುಕೊಂಡು ಓದಿದೆ. ನನಗೂ ಕೂತವರು ಹೆಚ್ಚಬೇಕಿತ್ತಲ್ಲ. ಆಗ ನನ್ನ ಜಗಲಿಯಲ್ಲಿ ಇಪ್ಪತ್ತಕ್ಕಿಂತ ಮೂವರೋ ನಾಲ್ವರೋ ಹೆಚ್ಚಿದ್ದರು. ಒಂದು ಮದುವೆ ಬಂದರೆ ಸಾಕು, ಅಷ್ಟು ಜನ ಒಂದೇ ದಿನ ಏಳುತ್ತಾರೆ. ದಿನಾ ರಾತ್ರಿ ಹೆಸರುಗಳನ್ನು ಎಣಿಸಿಕೊಂಡೇ ಮಲಗುತ್ತಿದ್ದೆ.

ಆಗ ನಿಮ್ಮ ಆ ವಿಡಿಯೋ ಬಂತು. ಜನ ಬರೀ ನೋಡಿ ಹೋಗದೆ ನಿಂತು ಮಾತಾಡುವಂತೆ ಮಾಡುವ ಒಂದೇ ಒಂದು ಸೂತ್ರ ನನ್ನ ಹತ್ತಿರ ಇದೆ, ಬೇಕಾದವರು ಕಾಮೆಂಟಿನಲ್ಲಿ ‘ಚಟ್ನಿ’ ಅಂತ ಬರೆಯಿರಿ, ಇನ್‌ಬಾಕ್ಸ್‌ಗೆ ಕಳಿಸುತ್ತೇನೆ ಅಂದಿರಿ. ಸಾವಿರಕ್ಕೂ ಮೇಲೆ ಜನ ಚಟ್ನಿ ಚಟ್ನಿ ಅಂತ ಬರೆದರು. ಪ್ರತಿಯೊಬ್ಬರಿಗೂ ಉತ್ತರ ಬಂತು, ಇನ್‌ಬಾಕ್ಸ್ ನೋಡಿ. ಕಣಜಕ್ಕೆ ಬಂದದ್ದು ಎಲ್ಲರ ಕಣ್ಣಿಗೆ ಕಾಣುತ್ತಿದ್ದದ್ದು ಮಾತ್ರ. ನಿಮ್ಮ ಕಾಲದ ಯಾರ ಇನ್‌ಬಾಕ್ಸೂ ನಮಗೆ ಬಂದಿಲ್ಲ. ನನಗೆ ಬೇಕಾದ ಒಂದೇ ಒಂದು ಮಾತು, ಅದು ಸಾವಿರ ಮನೆಗೆ ಹೋಗಿದೆ, ಒಂದು ಮನೆಯ ಕಿಟಕಿಯೂ ತೆರೆದಿಲ್ಲ. ನಿಮ್ಮ ಕಾಲದವರು ತಮ್ಮ ಮದುವೆಯ ಆಲ್ಬಮ್ಮು, ತಿಂದ ದೋಸೆ, ನಾಯಿಯ ಹುಟ್ಟುಹಬ್ಬ ಎಲ್ಲವನ್ನೂ ಬಹಿರಂಗವಾಗಿ ಇಟ್ಟು, ಉಪಯೋಗಕ್ಕೆ ಬರುವ ಮಾತನ್ನು ಮಾತ್ರ ಹೋಗಿ ಹೋಗಿ ಇನ್‌ಬಾಕ್ಸಿನಲ್ಲಿ ಹೂತಿಟ್ಟಿರಿ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಸೂತ್ರ ಸಿಗದಿದ್ದರೇನು, ದಾರಿ ಸಿಕ್ಕಿತಲ್ಲ ಅಂದುಕೊಂಡೆ. ನನ್ನ ಜಗಲಿಯಲ್ಲೂ ಹಾಗೇ ಹೇಳಿದೆ. ನನ್ನ ಹತ್ತಿರ ಒಂದು ಗುಟ್ಟು ಇದೆ, ಬೇಕಾದವರು ಚಟ್ನಿ ಅನ್ನಿ, ನಿಮಗೊಬ್ಬರಿಗೇ ಹೇಳುತ್ತೇನೆ ಅಂತ. ಎಲ್ಲರೂ ಚಟ್ನಿ ಅಂದರು, ಖುಷಿಯಿಂದ ಅಂದರು. ಆದರೆ ನಮ್ಮಲ್ಲಿ ಪಿಸುಮಾತಿಗೆ ಜಾಗವೇ ಇಲ್ಲ ಅಂದೆನಲ್ಲ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳಬೇಕು ಎಂದರೆ ಒಂದೇ ದಾರಿ, ಅವರ ಮನೆಗೆ ಹೋಗುವುದು. ಆ ಗಾಳಿಯಲ್ಲಿ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಹಗ್ಗ ಹಿಡಿದುಕೊಂಡು ಹೊರಟೆ. ಮೊದಲ ಮನೆ ಫಕೀರೇಶನದು. ನನ್ನ ಜೊತೆ ಓದುವವನು, ಜಗಲಿ ಇಟ್ಟ ದಿನದಿಂದಲೂ ಕೂತವನು. ಬಾಗಿಲು ತೆರೆದು, ಕಿವಿ ಮುಂದೆ ಮಾಡಿ ನಿಂತ. ನನ್ನ ಹತ್ತಿರ ಏನಿತ್ತು ಹೇಳಲು? ನಿಮ್ಮ ಪಾಠಗಳಲ್ಲಿ ನೆನಪಿದ್ದ ಒಂದನ್ನು ಹೇಳಿದೆ, ದಿನಾ ಅದೇ ಹೊತ್ತಿಗೆ ಬಂದು ಕೂರಬೇಕು ಅಂತ. ಅವನು ಸ್ವಲ್ಪ ಹೊತ್ತು ಮುಂದೆ ಇನ್ನೂ ಏನೋ ಬರುತ್ತದೆ ಅಂತ ಕಾದ. ಆಮೇಲೆ ಕಿವಿಯೊಳಗಿನ ಮಣ್ಣು ಒರೆಸಿಕೊಳ್ಳುತ್ತಾ ಹೇಳಿದ: “ಇಷ್ಟ ಹೇಳಾಕ ಹಗ್ಗಾ ಹಿಡ್ಕೊಂಡು ಬಂದೀಯೇನ? ಜಗಲಿ ಮ್ಯಾಲೆ ಅಂದಿದ್ರ ನಾ ಏನ್ ಕಿವಿ ಮುಚ್ಕೋತಿದ್ನೇನು?”

ಅವನು ಮರುದಿನ ಬೆಳಿಗ್ಗೆ ಅದನ್ನು ಎಲ್ಲರ ಮುಂದೆ ಆಡಿದ. ಅವನ ತಪ್ಪಲ್ಲ, ಜಗಲಿ ಇರುವುದೇ ಅದಕ್ಕೆ. ಹಂಪವ್ವನ ಗುಟ್ಟು ಯಾರಿಗೆ ಬೇಕು, ಮನೆಗೆ ಹೋಗಿ ಗಡಿಯಾರ ನೋಡಿಕೊಳ್ಳಿ ಅಂದ. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಮೂವರು ‘ಬರ್ತೀನಿ’ ಅಂದರು. ಅವರಲ್ಲಿ ಒಬ್ಬರು ಹೋಗುವ ಮುಂಚೆ, ನೀನು ಅಂಗಡಿ ಇಟ್ಟಿದ್ದೀಯಾ ಅಥವಾ ಜಗಲಿ ಇಟ್ಟಿದ್ದೀಯಾ ಅಂತ ಕೇಳಿದರು. ನಾನು ‘ಹೂಂ, ಬರ್ರಿ’ ಅಂದೆ. 

ಅಲ್ಲಿಗೆ ಮುಗಿದಿದ್ದರೆ ನಿಮಗೆ ಈ ಪತ್ರ ಬರೆಯುತ್ತಿರಲಿಲ್ಲ. ನಿಮ್ಮ ಆ ಚಟ್ನಿ ವಿಡಿಯೋವನ್ನೂ ಜಗಲಿಯಲ್ಲಿ ತೋರಿಸಿದ್ದೆ, ಕಟ್ಟಳೆಯಂತೆ ಅದರ ಕೆಳಗಿನ ಕಾಮೆಂಟುಗಳನ್ನೆಲ್ಲ ಓದಬೇಕಿತ್ತು. ಸಾವಿರದ ಮೇಲೆ ಇರುವ ಚಟ್ನಿಗಳನ್ನು. ಓದಿದೆ. ಚಟ್ನಿ, ಇನ್‌ಬಾಕ್ಸ್ ನೋಡಿ. ಚಟ್ನಿ ಅಕ್ಕ, ಇನ್‌ಬಾಕ್ಸ್ ನೋಡಿ. ಚಟ್ನೀ, ಇನ್‌ಬಾಕ್ಸ್ ನೋಡಿ. ಕೆಲವರು ನಿದ್ದೆ ಹೋದರು. ಒಬ್ಬರು ಬಟ್ಟೆ ಮಡಚುತ್ತಿದ್ದರು. ತೋಟವ್ವಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಆ ಚಟ್ನಿಗಳ ನಡುವೆ, ಮೇಲೂ ಚಟ್ನಿ ಕೆಳಗೂ ಚಟ್ನಿ, ಒಂದು ಸಾಲು ಇತ್ತು. ಓದುವ ಭರದಲ್ಲಿ ಅದನ್ನೂ ಅದೇ ರಾಗದಲ್ಲಿ ಓದಿಬಿಟ್ಟೆ. “ಅಕ್ಕಾ, ಮತ್ತ ಹಂಗ ಆಗೇದ. ತಾಟು ಮುಟ್ಟಾಕ ಆಗವಲ್ದು. ಇವತ್ತ ಫೋಟೋ ಹಾಕಿದ್ರ ನೋಡ್ತೀರೇನ್ರಿ?”

ತೋಟವ್ವಾಯಿ ಕಣ್ಣು ಬಿಟ್ಟಳು. ಇನ್ನೊಮ್ಮೆ ಓದು ಅಂದಳು. ಓದಿದೆ. ಬರೆದವಳು ಸಿಂದಗಿ ಹುಡುಗಿ. ಮಲಗಿದ್ದವರೂ ಎದ್ದು ಕೂತಿದ್ದರು. ನೀಲವ್ವ ಏನಂದಳು ಅಂತ ತೋಟವ್ವಾಯಿ ಕೇಳಿದಳು. ನಾನು ಕೆಳಗಿನ ಸಾಲು ನೋಡಿದೆ. ಧನ್ಯವಾದಗಳು, ಸೂತ್ರ ಕಳಿಸಿದ್ದೇನೆ, ಇನ್‌ಬಾಕ್ಸ್ ನೋಡಿ. ಪಕ್ಕದಲ್ಲಿ ಬೆಂಕಿಯ ಚಿತ್ರ. ಓದಿದೆ, ಬೆಂಕಿಯ ಚಿತ್ರದ ವಿಷಯ ಮಾತ್ರ ಹೇಳಲಿಲ್ಲ.

“ಮುಂದ?” ಅಂದಳು.

“ಮುಂದ ಚಟ್ನಿ, ಆಯಿ.”

ಗಾಳಿ ಕದವನ್ನು ದೂಡುತ್ತಲೇ ಇತ್ತು. ನಾನು ನಿಮ್ಮ ಪರವಾಗಿ ವಾದ ಮಾಡಿದೆ ನೀಲಕ್ಕ, ಗೊತ್ತಿರಲಿ. ಆ ಉತ್ತರ ನೀವು ಬರೆದದ್ದಲ್ಲ, ಅಷ್ಟೂ ಜನಕ್ಕೆ ತಾನಾಗಿ ಹೋಗುವಂತೆ ಇಟ್ಟದ್ದು, ಅದಕ್ಕೆ ಕಣ್ಣಿಲ್ಲ ಅಂದೆ. ನೀವು ಆಮೇಲೆ ನೋಡಿರುತ್ತೀರಿ, ಇನ್‌ಬಾಕ್ಸ್‌ನಲ್ಲಿ ಅವಳಿಗೆ ಬೇರೆಯಾಗಿ ಬರೆದಿರುತ್ತೀರಿ, ಮಾತಾಡಿರುತ್ತೀರಿ, ಆ ಹುಡುಗಿ ಉಂಡು ಕೈ ತೊಳೆದಿರುತ್ತಾಳೆ, ನಮಗೆ ಕಾಣುವುದಿಲ್ಲ ಅಷ್ಟೇ ಅಂದೆ. ನಿಮ್ಮ ತಾಟಿನ ತಗ್ಗು ನೋಡಿದವಳು ನಾನು, ನೀವು ಅಂಥವರಲ್ಲ ಅಂದೆ. ಫಕೀರೇಶ ಕೂಡ ನನ್ನ ಕಡೆ ಸೇರಿದ. ತೋಟವ್ವಾಯಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಸೀರೆಯ ಸೆರಗು ಸರಿ ಮಾಡಿಕೊಂಡು ಹೇಳಿದಳು: “ಬರದಾಳಂತೀ. ಎಲ್ಲಿ ಬರದಾಳ, ತೋರ್ಸು. ನಿನ್ನ ಚಟ್ನಿ ನನಗ ಬ್ಯಾಡವಾ. ಆ ಹುಡುಗಿ ಉಂಡ್ಲೋ ಇಲ್ಲೋ, ಅದನ್ನ ಹೇಳು. ಅದು ತಿಳಿದ ದಿನ ಕರಿ. ಈಗ ನಾ ಬರ್ತೀನಿ.”

ಅವಳ ಹಿಂದೆ ಇನ್ನೂ ಹಲವರು ಎದ್ದರು. ಎಲ್ಲರೂ ಅದೇ ಮಾತು, ಅದು ತಿಳಿದ ದಿನ ಕರಿ. ನಿನ್ನೆ ಮಧ್ಯಾಹ್ನ ಓಣಿಯೂಟಕ್ಕೆ ತೋಟವ್ವಾಯಿ ಬಂದಿರಲಿಲ್ಲ. ಅವಳ ತಾಟು ಮತ್ತೆ ಮನೆಗೆ ಹೋಯಿತು. ಇವತ್ತೂ ಹೋಯಿತು. ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಬಾಗಿಲಲ್ಲೇ ಇಸಿದುಕೊಂಡಳು, ಒಳಗೆ ಕರೆಯಲಿಲ್ಲ.

ಈಗ ನನ್ನ ಜಗಲಿಯಲ್ಲಿ ಹೇಳಲು ಹೆಸರುಗಳು ಹನ್ನೊಂದು. ಅದರಲ್ಲಿ ಒಂದು ನಮ್ಮ ಅವ್ವನದು, ಅವಳು ಮಾತು ಬಿಟ್ಟಿರುವುದರಿಂದ ಅವಳ ಮಾತು ಅಂತ ಹೇಳಲು ನನ್ನ ಹತ್ತಿರ ಏನೂ ಇಲ್ಲ. ನಿಮ್ಮ ಪುಟವನ್ನು ನಾನು ಮುಂದಕ್ಕೂ ತಿರುಗಿಸಿ ನೋಡಿದೆ. ನಿಮಗೆ ಜನ ಸಿಗುತ್ತಾರೆ ನೀಲಕ್ಕ, ತುಂಬ ಸಿಗುತ್ತಾರೆ, ಸಂಖ್ಯೆ ಹೇಳಿ ನಿಮ್ಮ ತಲೆ ತಿರುಗಿಸುವುದಿಲ್ಲ. ಆದರೆ ಅವರೆಲ್ಲ ಹೆಬ್ಬೆರಳು, ಬೆಂಕಿ, ಹೆಬ್ಬೆರಳು, ಬೆಂಕಿ. ಒಂದು ದಿನ ನೀವು ಹಳೆಯ ನೆನಪಿಗೆ ತಾಟಿನ ಚಿತ್ರ ಹಾಕಿ ‘ಇದು ಏನು’ ಅಂತ ಕೇಳುತ್ತೀರಿ. ಯಾರೂ ಹೇಳುವುದಿಲ್ಲ. ಸೂಪರ್ ಅಕ್ಕ ಅನ್ನುತ್ತಾರೆ. ಆವತ್ತು ತಾಟಿನಲ್ಲಿ ಇರುವುದು ಅವಲಕ್ಕಿಯೇ. ಇಮಾಮಣ್ಣ ಬರುವುದಿಲ್ಲ. ಆ ಹುಡುಗಿಯ ಹೆಸರು ಆ ಸಂಜೆಯ ನಂತರ ನಿಮ್ಮ ಪುಟದಲ್ಲಿ ಎಲ್ಲಿಯೂ ಇಲ್ಲ, ನಾನು ಎರಡು ಸಲ ಹುಡುಕಿದೆ.

ಆದರೆ ಇದು ನಿಮ್ಮ ಕೈಗೆ ಸಿಗುವ ಹೊತ್ತಿಗೆ ಇನ್ನೂ ಅದೇ ಸಂಜೆ. ಹಾಗಂತ ಅಂಚೆಯವರು ಮಾತು ಕೊಟ್ಟಿದ್ದಾರೆ. ಚಟ್ನಿಗಳು ಇನ್ನೂ ಬೀಳುತ್ತಿರುತ್ತವೆ, ನಿಮ್ಮ ಫೋನು ಒಂದೇ ಸಮನೆ ಸದ್ದು ಮಾಡುತ್ತಿರುತ್ತದೆ, ನಿಮಗೆ ಖುಷಿಯಾಗಿರುತ್ತದೆ, ಆಗಲಿ, ಅದನ್ನು ನಾನು ಕಿತ್ತುಕೊಳ್ಳುವುದಿಲ್ಲ. ನಾನು ಕೇಳುವುದು ಇಷ್ಟೇ, ಬೆರಳಿನಿಂದ ಕೆಳಗೆ ಸರಿಸುತ್ತಾ ಬನ್ನಿ. ಬಹಳ ಕೆಳಗೆ ಇದೆ, ಬೇಸರವಾಗುತ್ತದೆ, ನಿಲ್ಲಬೇಡಿ. ಅವಳ ಸಾಲು ಸಿಕ್ಕಾಗ ಅದರ ಕೆಳಗೆ, ಆ ಬೆಂಕಿಯ ಚಿತ್ರದ ಕೆಳಗೆ, ಎಲ್ಲರೂ ಓದುವಂತೆ ಬರೆಯಿರಿ. ಇನ್‌ಬಾಕ್ಸ್‌ನಲ್ಲಿ ಎಷ್ಟು ಬೇಕಾದರೂ ಬರೆಯಿರಿ, ಫೋನೇ ಮಾಡಿ, ಮಾಡಲೇಬೇಕು. ಆದರೆ ಅಲ್ಲೂ ಒಂದು ಸಾಲು ಇರಲಿ. ಆ ಹುಡುಗಿ ಎಲ್ಲರ ಮುಂದೆ ಕೇಳಿದ್ದಾಳೆ, ಅದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವಳ ಹಾಗೆ ತಾಟಿನ ಮುಂದೆ ಕೂತು ಕೈ ಏಳದವರು ಆ ಸಾವಿರ ಜನರಲ್ಲಿ ಇನ್ನೆಷ್ಟು ಮಂದಿ ಇದ್ದಾರೋ, ಅವರೂ ಚಟ್ನಿ ಅಂತ ಬರೆದು ಸುಮ್ಮನಿದ್ದಿರಬಹುದು.

ನಿಮ್ಮ ಸೂತ್ರ ನನಗೆ ಬೇಡ. ಅದು ಏನೆಂದು ಈಗ ನನಗೆ ಗೊತ್ತಿದೆ, ನೀವು ಅದನ್ನು ತರಬೇತಿಗೆ ಹೋಗುವ ಎಷ್ಟೋ ಮೊದಲೇ, ಎಲ್ಲರ ಕಣ್ಣೆದುರಿಗೆ, ಇಡ್ಲಿಯ ಚಿತ್ರದ ಕೆಳಗೆ ಬರೆದಿಟ್ಟಿದ್ದಿರಿ.

ನಾಳೆ ಬೆಳಿಗ್ಗೆ ನಾನು ತೋಟವ್ವಾಯಿಯ ಮನೆಗೆ ತಾಟು ತೆಗೆದುಕೊಂಡು ಹೋಗಿ, ಅವಳ ಮನೆಯ ಗೋಡೆಯ ಚೌಕದಲ್ಲೇ ನಿಮ್ಮ ಆ ಪುಟ ತೆಗೆಯುತ್ತೇನೆ. ನಮ್ಮ ಮೇಷ್ಟ್ರು ಹೇಳುವ ಪ್ರಕಾರ ಹಿಂದೆ ಏನಾದರೂ ಬದಲಾದರೆ ಪತ್ರ ಬರೆದವರಿಗೆ ಮಾತ್ರ ಹಳೆಯದೂ ಹೊಸದೂ ಎರಡೂ ನೆನಪಿರುತ್ತದಂತೆ. ಹಾಗಾದರೆ ಬೆಂಕಿಯ ಚಿತ್ರದ ಕೆಳಗೆ ಇವತ್ತು ಏನೂ ಇರಲಿಲ್ಲ ಅನ್ನುವುದು ನನಗೊಬ್ಬಳಿಗೇ ಗೊತ್ತಿರುತ್ತದೆ, ನಾನು ಯಾರಿಗೂ ಹೇಳುವುದಿಲ್ಲ. ಗಾಳಿ ಸ್ವಲ್ಪ ಸಣ್ಣಗಾಗಿದೆ, ಕದದ ಸದ್ದು ಮೊದಲಿನಷ್ಟಿಲ್ಲ. ಈಗ ಹೇಳಿ ನೀಲಕ್ಕ, ಆ ಹುಡುಗಿಗೆ ‘ಉಂಡಿಯೇನ?’ ಅಂತ ಅಷ್ಟೂ ಜನರ ಮುಂದೆ ಕೇಳುತ್ತೀರಾ, ಇಲ್ಲ ನನಗೂ ಇನ್‌ಬಾಕ್ಸ್ ನೋಡು ಅನ್ನುತ್ತೀರಾ?